ಅರಬೈಲ್ ಘಾಟಿಯ ಮೂರನೇ ಬಲೆ

ಹೋದ ಶ್ರಾವಣದಲ್ಲಿ ಯಲ್ಲಾಪುರದಿಂದ ಅಂಕೋಲೆಗೆ ಹೊರಟ ನಮ್ಮ ಬಸ್ಸು ಅರಬೈಲ್ ಘಾಟಿಯ ನಡುವಿನ ತಿರುವೊಂದರಲ್ಲಿ ನಿಂತುಬಿಟ್ಟಿತು. ಮುಂದೆ ಲಾರಿಯೊಂದು ರಸ್ತೆಗೆ ಅಡ್ಡ ಮಗುಚಿಕೊಂಡಿತ್ತು. ಜನ ಇಳಿದು ಮೈಮುರಿಯುತ್ತ ನಿಂತರು, ನಾನೂ ಇಳಿದೆ. ಸಂಜೆಯಾಗುತ್ತಿತ್ತು. ಕೆಳಗಿನ ಯಾವುದೋ ಕೊಟ್ಟಿಗೆಯಿಂದ ಲಕ್ಕಿ ಸೊಪ್ಪಿನ ಹೊಗೆ ಮರಗಳ ಸಂದಿಯಲ್ಲಿ ತೂರಿಕೊಂಡು ರಸ್ತೆಗೆ ಬಂತು. ದನಗಳಿಗೆ ನೊಣ, ನುಸಿ ಕಚ್ಚಬಾರದೆಂದು ಮಳೆಗಾಲದಲ್ಲಿ ಹಾಕುವ ಹೊಗೆ ಅದು. ಪಕ್ಕದಲ್ಲಿದ್ದ ಹುಬ್ಬಳ್ಳಿ ಕಡೆಯ ಯಜಮಾನರೊಬ್ಬರು ಕಣ್ಣು ಮುಚ್ಚಿ ಮೂಗಿನ ತುಂಬ ಎಳೆದುಕೊಂಡು, "ಆಹಾ, ಏನ್ ಘಮಾ ಐತ್ರಿ! ಹಳ್ಳಿ ಅಂದ್ರ ಹಿಂಗಿರಬೇಕು ನೋಡ್ರಿ" ಅಂದರು. "ಅಷ್ಟು ಘಮ ಬೇಕಾದರೆ ಊದುಬತ್ತಿ ಹಚ್ಚಿಕೊಳ್ಳಿ" ಅಂದುಬಿಟ್ಟೆ. ಅವರು ಬೆಪ್ಪಾಗಿ ನನ್ನ ಮುಖ ನೋಡಿ, ಛತ್ರಿ ಬಿಚ್ಚಿಕೊಂಡು ಆಚೆ ಸರಿದರು.

ಪಾಪ, ಅವರ ಮೇಲೆ ನನಗೇನು ಸಿಟ್ಟು? ನನ್ನ ಸಿಟ್ಟಿಗೆ ಹತ್ತು ಹನ್ನೆರಡು ವರ್ಷ ವಯಸ್ಸಾಗಿದೆ. ಕಡಿಮೆಯಾಯಿತು ಅಂದುಕೊಂಡಾಗಲೇ ಹೀಗೆ ಎಲ್ಲಿಂದಲೋ ಬಂದು ಮೈಯೆಲ್ಲ ಉರಿಸುತ್ತದೆ.

ತೊಂಬತ್ತರ ದಶಕದ ನಡುವಿನ ಮಾತು. ನಾನು ಸಿದ್ದಾಪುರ ತಾಲೂಕಿನ ಬಿಳಗಿಯವಳು. ಶಿರಸಿಯಲ್ಲಿ ಪ್ರಾಣಿಶಾಸ್ತ್ರ ಓದಿ ಮುಗಿಸಿ, ಮನೆಯಲ್ಲಿ ಗದ್ದೆ ಕೆಲಸಕ್ಕೂ ಸಲ್ಲದೆ ನೌಕರಿಯೂ ಸಿಗದೆ ಕೂತಿದ್ದೆ. ಆಗ ದೊಡ್ಡ ಊರಿನ ಸಂಸ್ಥೆಯೊಂದರ ವಿಜ್ಞಾನಿಯೊಬ್ಬರು ಒಂದು ವರ್ಷದ ಮಟ್ಟಿಗೆ ಸಹಾಯಕರು ಬೇಕೆಂದು ಕಾಲೇಜಿಗೆ ಬರೆದಿದ್ದರು. ಕೆಲಸ ಇಷ್ಟೇ: ಬೆಟ್ಟ ಏರುತ್ತ ಹೋದಂತೆ ನೊಣಗಳ ಬಗೆ ಹೆಚ್ಚುತ್ತವೋ ಕಡಿಮೆಯಾಗುತ್ತವೋ ಎಂದು ಹಿಡಿದು ನೋಡುವುದು. ಆ ವಿಜ್ಞಾನಿಯ ಹೆಸರು ಇಲ್ಲಿ ಬೇಡ. ಆಗ ಸಾರ್ ಅನ್ನುತ್ತಿದ್ದೆ. ಈಗಲೂ ಬಾಯಿಗೆ ಅದೇ ಬರುತ್ತದೆ, ಅದಕ್ಕೂ ಸಿಟ್ಟು ಬರುತ್ತದೆ.

ಸುದ್ದಿ ಕೇಳಿದ ಅಮ್ಮ ಒಲೆಯ ಮುಂದಿನಿಂದ ಎದ್ದೇ ಬಂದಳು. "ನೊಣ ಎಣ್ಸೂಕೆ ನಿಂಗೆ ಬೀಎಸ್ಸಿ ಬೇಕಾಗಿತ್ತನೆ? ನಮ್ಮನೆ ಸಗಣಿ ಗುಂಡಿ ಹತ್ರ ಕುಂತಿದ್ರೆ ಆಗ್ತಿರ್ಲಿಲ್ವ?" ಅಂದಳು. ನಾನು ನಗಲಿಲ್ಲ. ವರ್ಷ ಮುಗಿದರೆ ಒಂದು ಸರ್ಟಿಫಿಕೇಟು ಸಿಗುತ್ತದೆ, ಅದಿದ್ದರೆ ಯಾವುದಾದರೂ ಶಾಲೆಯಲ್ಲಿ ಸೇರಬಹುದು ಎನ್ನುವುದಷ್ಟೇ ನನ್ನ ತಲೆಯಲ್ಲಿತ್ತು.

ಹಿಮಾಲಯ ಕಂಡವರು ಅರಬೈಲನ್ನು ಬೆಟ್ಟವೆಂದು ಒಪ್ಪಲಿಕ್ಕಿಲ್ಲ. ನೊಣ ಒಪ್ಪುತ್ತದೆ. ಕೆಳಗೆ ಗಂಗಾವಳಿ ಹೊಳೆಯ ಮಟ್ಟದಲ್ಲಿ ಸೆಕೆ, ಬೆವರು, ನೆಲಕ್ಕೆ ಬಿದ್ದು ಕೊಳೆತ ಹಲಸು. ಅಲ್ಲಿ ಹಣ್ಣಿಗೆ ಮುತ್ತುವ ಕೆಂಗಣ್ಣಿನ ಸಣ್ಣ ನೊಣಗಳು, ದಂಡೆಯ ಕೆಸರಲ್ಲೇ ಹುಟ್ಟಿ ಕೆಸರಲ್ಲೇ ಸಾಯುವ ನೊಣಗಳು. ಮೇಲೆ ಘಾಟಿ ಮುಗಿಯುವಲ್ಲಿ ಮಂಜು ಇಳಿದು ಮರದ ಕಾಂಡಗಳೆಲ್ಲ ಹಾವಸೆ ಕಟ್ಟಿರುತ್ತವೆ. ಅಲ್ಲಿ ಅಣಬೆಯೊಳಗೆ ಬೆಳೆಯುವ ನುಸಿ, ಕಾಲು ಇಳಿಬಿಟ್ಟುಕೊಂಡು ಗಾಳಿಯಲ್ಲಿ ತೇಲುವ ಉದ್ದ ಕಾಲಿನ ನೊಣ. ಎರಡೇ ರೆಕ್ಕೆ ಇರುವುದೆಲ್ಲ ನೊಣದ ಕುಲಕ್ಕೇ ಸೇರಿದ್ದು, ಸೊಳ್ಳೆಯೂ ಸೇರಿ, ಎಂದು ಪುಸ್ತಕದಲ್ಲಿ ಓದಿದ್ದೆ. ಕಣ್ಣಾರೆ ಕಂಡದ್ದು ಆ ವರ್ಷ. ತೊರೆಯ ಪಕ್ಕದ ಎಲೆಯ ಮೇಲೆ ಒಂದು ನೊಣ ಕೂತಿತ್ತು, ಅದರ ಎರಡು ಕಣ್ಣು ಎರಡು ಕೋಲಿನ ತುದಿಯಲ್ಲಿ! ಅಯ್ಯೋ ದೇವರೇ, ಇಷ್ಟು ದಿನ ಎಲ್ಲಿದ್ದೆಯೋ ಮಾರಾಯ ಎಂದು ಅದರ ಮುಂದೆ ಕೂತುಬಿಟ್ಟಿದ್ದೆ, ರಕ್ತ ಹೀರುವ ಉಂಬಳ ಕಾಲಿಗೆ ಹತ್ತಿದ್ದೂ ತಿಳಿಯಲಿಲ್ಲ. ಆ ವರ್ಷದ ಎಲ್ಲವನ್ನೂ ನಾನು ಬೈಯುವುದಿಲ್ಲ.

ಘಾಟಿಯ ಬುಡದಿಂದ ತುದಿಯವರೆಗೆ ಐದು ಎತ್ತರದಲ್ಲಿ ಐದು ಬಲೆ ಕಟ್ಟಿದ್ದೆವು. ಬಲೆಯೆಂದರೆ ತೆಳುವಾದ ಬಟ್ಟೆಯ ಗುಡಾರ. ಹಾರಿಬಂದ ನೊಣ ಬಟ್ಟೆಗೆ ತಾಗಿ, ಬೆಳಕು ಹುಡುಕುತ್ತ ಮೇಲೆ ಮೇಲೆ ಹತ್ತಿ, ನೆತ್ತಿಯಲ್ಲಿ ಕಟ್ಟಿದ ಸ್ಪಿರಿಟ್ ಬಾಟಲಿಗೆ ಬೀಳುತ್ತದೆ. ಹದಿನೈದು ದಿನಕ್ಕೊಮ್ಮೆ ಮೂರು ದಿನ ಮಾತ್ರ ಬಲೆ ಬಿಚ್ಚಿ ಹರಡುವುದು, ಉಳಿದ ದಿನ ಸುತ್ತಿಡುವುದು, ಬಾಟಲಿಯಲ್ಲಿ ಬಿದ್ದದ್ದನ್ನು ಬಗೆ ಬಗೆಯಾಗಿ ಬೇರೆ ಮಾಡುವುದು. ನಡುವಿನ ಎತ್ತರದಲ್ಲಿ ಕೆಳಗಿನ ನೊಣಗಳೂ ಮೇಲಿನ ನೊಣಗಳೂ ಸೇರುವುದರಿಂದ ಅಲ್ಲಿಯೇ ಬಗೆ ಹೆಚ್ಚಿರಬೇಕು ಎನ್ನುವುದು ಸಾರ್ ಅವರ ಎಣಿಕೆ. "ನಡುವೆ ಡುಬ್ಬ ಇರಬೇಕಮ್ಮ, ಒಂಟೆ ಬೆನ್ನಿನ ಥರ" ಎಂದು ಕಾಗದದ ಮೇಲೆ ಗೆರೆ ಎಳೆದು ತೋರಿಸಿ, ಅವರು ತಮ್ಮ ಊರಿಗೆ ಹೋದರು.

ಆ ನಡುವಿನದೇ ಮೂರನೇ ಬಲೆ. ಅದನ್ನು ಕಾಡಿನ ಅಂಚಿನಲ್ಲಿ ಕಟ್ಟಿದ ವಾರದಲ್ಲೇ ಮೇಯಲು ಬಿಟ್ಟ ದನಗಳು ಕೊಂಬು ಸಿಕ್ಕಿಸಿ ಹರಿದು ಹಾಕಿದವು. ಹೊಲಿದು ಕಟ್ಟಿದೆ, ಮತ್ತೆ ಹರಿದವು. ಮಳೆ ಶುರುವಾಗಿತ್ತು, ನನಗೆ ಅಳುವೇ ಬಂತು. ಆಗ ಅಲ್ಲಿಗೆ ಹತ್ತಿರದ ಮನೆಯ ಮಾದೇವಕ್ಕ ಕಂಬಳಿ ಕೊಪ್ಪೆ ಹಾಕಿಕೊಂಡು ಇಳಿದುಬಂದಳು. ನಲವತ್ತರ ಹೆಂಗಸು, ಗಟ್ಟಿ ದನಿ, ಎರಡು ಗದ್ದೆ, ನಾಲ್ಕು ದನ. ಗಂಡ ಘಾಟಿ ರಸ್ತೆಯ ಗ್ಯಾಂಗಿನಲ್ಲಿ ಕೆಲಸಕ್ಕಿದ್ದ. "ಎಂತಕ್ಕೆ ಅಳ್ತೆ ತಂಗಿ? ಆ ಪರದೆ ನಮ್ಮನೆ ಕೊಟ್ಟಿಗೆ ಹಿಂದೆ ಕಟ್ಕ. ಅಲ್ಲಿ ಬೇಲಿ ಅದೆ, ಯಾವ ದನನೂ ಬರೂದಿಲ್ಲ" ಅಂದಳು. ತಾನೇ ಗೂಟ ಕಡಿದು ತಂದು ಹುಗಿದಳು. ಸ್ಥಳ ಬದಲಾಯಿಸಿದ್ದನ್ನು ನಾನು ನೋಟ್ ಪುಸ್ತಕದಲ್ಲಿ ಬರೆದೆ, ಸಾರ್‌ಗೂ ಕಾಗದ ಹಾಕಿದೆ. ಉತ್ತರ ಬರಲಿಲ್ಲ. ಸರಿ, ಒಪ್ಪಿಗೆ ಎಂದುಕೊಂಡೆ.

ಬಲೆ ಬಿಚ್ಚುವ ಆ ಮೂರು ದಿನ ನಾನು ಉಳಿದುಕೊಳ್ಳುತ್ತಿದ್ದುದು ಮಾದೇವಕ್ಕನ ಮನೆಯಲ್ಲೇ. ಬೆಳಿಗ್ಗೆ ಎದ್ದು ಉಳಿದ ನಾಲ್ಕು ಬಲೆ ನೋಡಲು ಘಾಟಿ ಹತ್ತಿ ಇಳಿದು ಸಂಜೆ ಬಂದರೆ ಬಿಸಿನೀರು ಕಾದಿರುತ್ತಿತ್ತು. ಕಳಲೆ ಪಲ್ಯ, ಗಂಜಿ, ಮೇಲೆ ಉಪ್ಪಿನಕಾಯಿ. ಮತ್ತೆ ಹೊಗೆ. ಹಿಂಬದಿಯ ಜಗಲಿಯಲ್ಲಿ ನಾನು ಬಾಟಲಿಗಳನ್ನು ಹರಡಿಕೊಂಡು ಕೂತರೆ ನುಸಿ ಮುಖ ಮೂತಿ ನೋಡದೆ ಮುತ್ತುತ್ತಿತ್ತು. ಮಾದೇವಕ್ಕ ಒಡೆದ ಮಡಕೆಯಲ್ಲಿ ಕೆಂಡ ಹಾಕಿ, ಮೇಲೆ ಹಸಿ ಲಕ್ಕಿ ಸೊಪ್ಪು ತುಂಬಿ, ಕೊಟ್ಟಿಗೆ ಬಾಗಿಲಿಗೊಂದು, ನನ್ನ ಹಿಂದೊಂದು ಇಡುತ್ತಿದ್ದಳು. ಬೆಳಿಗ್ಗೆ ನಾನು ಏಳುವ ಮೊದಲೇ ಮತ್ತೊಂದು. "ಬ್ಯಾರೆ ದಿನ ಕೊಟ್ಟಿಗೆಗೆ ಒಂದೇ ಸಲ ಹಾಕ್ತೆ. ನೀ ಬಂದ ದಿನ ಎರಡು ಹೊತ್ತೂ ಹಾಕ್ತೆ. ಮನೆಗೆ ಬಂದವ್ರ ರಕ್ತ ನುಸಿಗೆ ಕುಡಿಸೂದು ಹೌದನೆ?" ಎನ್ನುತ್ತಿದ್ದಳು. ನಾನು ಆ ಹೊಗೆಯೊಳಗೆ ಸುಖವಾಗಿ ಕೂತು ನೊಣ ಎಣಿಸುತ್ತಿದ್ದೆ. ಹದಿನೈದು ಹೆಜ್ಜೆ ಆಚೆ ಬಲೆ ಇತ್ತು. ಬೀಎಸ್ಸಿ ಓದಿದವಳು ನಾನು. ನನ್ನ ತಲೆಗೆ ಏನು ಬಡಿದಿತ್ತೋ!

ಆಷಾಢ ಕಳೆಯಿತು, ಶ್ರಾವಣ ಕಳೆಯಿತು. ಆ ವರ್ಷ ಮಳೆ ಬಿಡುವೇ ಕೊಡಲಿಲ್ಲ, ನನ್ನ ಕಾಲಿನ ಬೆರಳ ಸಂದಿಯೆಲ್ಲ ಕೊಳೆತು ಬಿಳಿಯಾಗಿತ್ತು. ಒಂದನೇ ಬಲೆಯಲ್ಲಿ, ಎರಡನೆಯದರಲ್ಲಿ, ನಾಲ್ಕು ಐದರಲ್ಲಿ ಬಾಟಲಿ ಕಪ್ಪಾಗುವಷ್ಟು ಬೀಳುತ್ತಿದ್ದರೆ ಮೂರನೆಯದರಲ್ಲಿ ಮಾತ್ರ ತಳ ಕಾಣುತ್ತಿತ್ತು. ಬಗೆಗಳೂ ಬೆರಳೆಣಿಕೆ. ಸಾರ್ ಹೇಳಿದ ಡುಬ್ಬ ಇರಬೇಕಾದಲ್ಲಿ ಗುಂಡಿ ಬಿದ್ದಿತ್ತು. ಬಲೆ ಹರಿದಿದೆಯೇ ಎಂದು ನೋಡಿದೆ, ಬಾಟಲಿ ಬದಲಾಯಿಸಿದೆ, ದಿಕ್ಕು ತಿರುಗಿಸಿದೆ. ಏನು ಮಾಡಿದರೂ ಅಷ್ಟೇ.

ಮಳೆ ಇಳಿಯುವ ಹೊತ್ತಿಗೆ ಸಾರ್ ಜೀಪಿನಲ್ಲಿ ಬಂದರು. ನನ್ನ ಪುಸ್ತಕವನ್ನು ಬಾನೆಟ್ ಮೇಲಿಟ್ಟು ತಿರುವಿ, ಮೂರನೇ ಬಲೆಯ ಪುಟಗಳಲ್ಲಿ ಬೆರಳು ನಿಲ್ಲಿಸಿದರು. ಮುಖ ಸಪ್ಪೆಯಾಯಿತು. ಆಮೇಲೆ ಸುತ್ತ ಕಾಡು ನೋಡಿದರು, ಬಗ್ಗಿ ನೆಲ ನೋಡಿದರು. ಮುಖ ಬೆಳಗಿತು.

"ಏನಮ್ಮ, ನಾನು ಬೇಸಿಗೆಯಲ್ಲಿ ಬಂದಾಗ ಇಲ್ಲಿ ಹೆಂಗಸರು ಎಲೆ ಗುಡಿಸುತ್ತಿದ್ದರಲ್ಲ?"

"ಹೌದು ಸಾರ್, ದರಕು. ಒಣ ಎಲೆ. ಕೊಟ್ಟಿಗೆಗೆ ಹಾಸುತ್ತಾರೆ, ಆಮೇಲೆ ಗೊಬ್ಬರವಾಗುತ್ತದೆ."

"ಸಿಕ್ಕಿತು ನೋಡು!" ಎಂದು ಬಾನೆಟ್ ಗುದ್ದಿದರು. "ಎಲೆಯೇ ಇಲ್ಲದಿದ್ದರೆ ನೊಣ ಮೊಟ್ಟೆ ಎಲ್ಲಿಡುತ್ತದೆ? ಜನ ನೆಲವನ್ನು ಬೋಳಿಸಿದ್ದಾರೆ. ಅದಕ್ಕೇ ನಡುವಿನಲ್ಲಿ ಕುಸಿದಿದೆ."

ನನಗೂ ಸರಿಯೆನಿಸಿತು, ಸುಳ್ಳು ಯಾಕೆ ಹೇಳಲಿ. ಅವರು ಅಷ್ಟು ಖುಷಿಯಲ್ಲಿದ್ದರು. ಅಷ್ಟರಲ್ಲಿ ಮಾದೇವಕ್ಕನಿಗೆ ದೊಡ್ಡ ಸಾಯ್ಬರು ಬಂದ ಸುದ್ದಿ ಮುಟ್ಟಿತ್ತು. ಬಲೆ ನೋಡಲು ಕೊಟ್ಟಿಗೆಯ ಹಿಂದೆ ಹೋಗುವಷ್ಟರಲ್ಲಿ ಅವಳು ಮರ್ಯಾದೆಗೆಂದು ಮೂರು ಮಡಕೆ ಹೊಗೆ ಇಟ್ಟಿದ್ದಳು. ಸಾರ್ ಕೆಮ್ಮಿ ಕೆಮ್ಮಿ ಕಣ್ಣೊರೆಸಿಕೊಂಡರು. ನಾನು ಬಲೆಯನ್ನೇ ನೋಡುತ್ತಿದ್ದೆ. ಬಟ್ಟೆಯ ಮೇಲೆ, ಪಕ್ಕದ ಎಲೆಗಳ ಮೇಲೆ ಕೂತಿದ್ದ ನೊಣಗಳು ಹೊಗೆ ತಾಗಿದ್ದೇ ಎದ್ದು ಬೇಲಿ ದಾಟಿ ಹೋದವು. ಒಂದೂ ಉಳಿಯಲಿಲ್ಲ.

ನಾನು ಬಲೆ ಬಿಚ್ಚುವ ಮೂರು ದಿನ, ಅದೇ ಮೂರು ದಿನ, ಎರಡು ಹೊತ್ತು ಹೊಗೆ. ನನಗಾಗಿ.

"ಸಾರ್, ಹೊಗೆ" ಅಂದೆ. "ಎಲೆಯಲ್ಲ ಸಾರ್, ಹೊಗೆ. ನಾನಿದ್ದಾಗೆಲ್ಲ ಹೀಗೇ ಹಾಕುತ್ತಿದ್ದರು. ಬಲೆಯನ್ನು ಇಲ್ಲಿಗೆ ತಂದಿದ್ದೂ ನಾನೇ. ಪುಸ್ತಕದಲ್ಲಿದೆ, ನಿಮಗೆ ಬರೆದೂ ಇದ್ದೆ."

ಅವರು ನನ್ನನ್ನು ಜೀಪಿನ ಹತ್ತಿರ ಕರೆದುಕೊಂಡು ಹೋದರು. ದನಿ ಏರಿಸಲಿಲ್ಲ, ಅದೇ ನನಗೆ ಇವತ್ತಿಗೂ ಉರಿಯುವುದು. "ನೋಡಮ್ಮ, ಹಾಗೆಂದು ಬರೆದರೆ ಮೂರನೇ ಬಲೆ ಹೋಯಿತು. ಅದು ಹೋದರೆ ನಡು ಹೋಯಿತು. ನಡು ಇಲ್ಲದ ಬೆಟ್ಟ ಯಾರಿಗೆ ಬೇಕು? ನಿನ್ನ ಒಂದು ವರ್ಷ ಮಣ್ಣುಪಾಲು. ನಿನಗೆ ಸರ್ಟಿಫಿಕೇಟ್ ಬೇಕೋ ಬೇಡವೋ ಯೋಚನೆ ಮಾಡು. ಇಷ್ಟಕ್ಕೂ ಯಾರಿಗಾದರೂ ಇದರಿಂದ ತೊಂದರೆ ಏನು? ನೊಣದ ವರದಿ ಯಾರು ಓದುತ್ತಾರೆ?"

ನಾನು ತುಟಿ ಪಿಟಕ್ಕೆನ್ನಲಿಲ್ಲ. ವಾರದ ಮೇಲೆ ಟೈಪು ಮಾಡಿದ ವರದಿ ಬಂತು, ಕೊನೆಯ ಹಾಳೆಯಲ್ಲಿ ಸಂಗ್ರಹಿಸಿದವರು ಎಂದಿದ್ದಲ್ಲಿ ಸಹಿ ಹಾಕಿದೆ. ಥೂ. ಬಲವಂತ ಮಾಡಿದರು ಎನ್ನುವ ಹಾಗೂ ಇಲ್ಲ. ಪೆನ್ನು ನನ್ನದೇ.

ಸರ್ಟಿಫಿಕೇಟು ಬಂತು. ಅದನ್ನು ಹಿಡಿದು ಮಂಚಿಕೇರಿಯ ಶಾಲೆಯೊಂದರಲ್ಲಿ ವಿಜ್ಞಾನ ಕಲಿಸಲು ಸೇರಿದೆ. ಅಲ್ಲೇ ಒಂದು ಕೋಣೆ ಹಿಡಿದೆ. ಮಾಘದ ಬಿಸಿಲು ಏರುತ್ತಿದ್ದ ಒಂದು ಮಧ್ಯಾಹ್ನ ಶಾಲೆಯ ಗೇಟಿನ ಹತ್ತಿರ ಮಾದೇವಕ್ಕ ನಿಂತಿದ್ದಳು. ಒಳ್ಳೆಯ ಸೀರೆ ಉಟ್ಟಿದ್ದಳು, ಕೈಯಲ್ಲಿ ಬಾಳೆಎಲೆಯಲ್ಲಿ ಸುತ್ತಿದ ಸೂಜಿಮಲ್ಲಿಗೆ.

"ತಂಗಿ, ನಿನ್ನ ಹತ್ರ ಒಂದು ಉಪಕಾರ ಆಗ್ಬೇಕು" ಅಂದಳು. "ಬೆಟ್ಟದಾಗೆ ದರಕು ಗುಡಿಸೂಕೆ ಬಿಡೂದಿಲ್ಲ ಅಂತಿದ್ರು. ಬೋರ್ಡು ಹಾಕಿರು. ಗಾರ್ಡು ನನ್ನ ಬುಟ್ಟಿ ಕಸ್ಕಂಡು ಒಡೆದು ಹಾಕ್ದ. ನಿಂಗೆ ಆ ದೊಡ್ಡ ಸಾಯ್ಬರು ಗೊತ್ತಲ್ದನೆ? ಅವ್ರಿಗೆ ಒಂದು ಮಾತು ಹೇಳಿ ಕಾಗದ ಮಾಡ್ಸಿ ಕೊಡು. ಅವ್ರು ಓದಿದವ್ರು, ಅವ್ರ ಮಾತು ಕೇಳ್ತ್ರು."

ನನಗೆ ನೆಲ ಬಾಯಿಬಿಡಬಾರದೇ ಅನ್ನಿಸಿತು.

ದರಕು ಎಂದರೆ ಏನೆಂದು ಕೊಟ್ಟಿಗೆ ಇಲ್ಲದವರಿಗೆ ಹೇಳಬೇಕು. ಮಳೆಗಾಲದಲ್ಲಿ ದನ ನಾಲ್ಕು ತಿಂಗಳು ಕೊಟ್ಟಿಗೆಯಲ್ಲೇ ಹೆಚ್ಚು ಹೊತ್ತು ನಿಲ್ಲುತ್ತವೆ. ಕೆಳಗೆ ಒಣ ಎಲೆ ಹಾಸದಿದ್ದರೆ ಸಗಣಿ ಗಂಜಳದ ಕೆಸರಲ್ಲಿ ಗೊರಸು ಕೊಳೆಯುತ್ತದೆ. ಹಾಸಿದ ಎಲೆಯೇ ಗೊಬ್ಬರ, ಆ ಗೊಬ್ಬರವೇ ಗದ್ದೆಗೆ. ಅಡಿಕೆ ತೋಟ ಇದ್ದವರಿಗೆ ಎಲೆ ಸೊಪ್ಪು ತರಲೆಂದೇ ಬಿಟ್ಟುಕೊಟ್ಟ ಸೊಪ್ಪಿನ ಬೆಟ್ಟದ ಹಕ್ಕು ಕಾಗದದಲ್ಲೇ ಇದೆ, ಅವರನ್ನು ಯಾರೂ ಮುಟ್ಟಲಿಲ್ಲ. ಮಾದೇವಕ್ಕನಿಗೆ ಇರುವುದು ಗದ್ದೆ. ಅವಳ ಅತ್ತೆ ಗುಡಿಸಿದ ಕಡೆ ಅವಳು ಗುಡಿಸುತ್ತಿದ್ದಳು, ಅಷ್ಟೇ ಅವಳ ಹಕ್ಕು. ಇಂಥವರ ಮೇಲೆ ಬೀಳಲು ಅಲ್ಲಿನ ಕಾಡಿನ ಕಚೇರಿಗೆ ಒಂದು ಕಾರಣ ಬೇಕಾಗಿತ್ತು. ಸಾರ್ ಅಲ್ಲಿಗೂ ಕಳಿಸಿದ್ದ ವರದಿಯಲ್ಲಿ ಅದನ್ನು ನಾವು ಒದಗಿಸಿದ್ದೆವು.

ಅರ್ಧ ದಿನ ರಜೆ ಹಾಕಿ ಅವಳನ್ನು ಕರೆದುಕೊಂಡು ಆ ಕಚೇರಿಗೆ ಹೋದೆ. ಸಾಹೇಬರು ಇರಲಿಲ್ಲ. ಹಾವೇರಿ ಕಡೆಯ ಗಾರ್ಡ್ ಒಬ್ಬ ಇದ್ದ, ಕೆಟ್ಟವನಲ್ಲ. "ಬರ್ರಿ, ಕುಂದರ್ರಿ" ಅಂದ. ನಾನು ಎದ್ದು ನಿಂತೇ ಕೂಗಾಡಿದೆ. ನೊಣಕ್ಕೂ ದರಕಿಗೂ ಸಂಬಂಧವಿಲ್ಲ, ವರದಿ ತಪ್ಪು, ಯಾರ ಮಾತು ಕೇಳಿ ಬೋರ್ಡ್ ಹಾಕಿದಿರಿ ಎಂದೆ. ಅವನು ನನ್ನ ಹೆಸರು ಕೇಳಿಕೊಂಡು, ಕಪಾಟಿನಿಂದ ಫೈಲು ತೆಗೆದು, ಹಾಳೆ ತಿರುವಿ, ಕೊನೆಯಲ್ಲಿ ಬೆರಳಿಟ್ಟ.

"ಅಕ್ಕಾರ, ಸಿಟ್ಟಾಗಬ್ಯಾಡ್ರಿ. ಇಲ್ಲಿ ಐತಲ್ರಿ, ಇದು ನಿಮ್ಮದ ಸೈನ್ ಹೌದಿಲ್ಲೋ?"

ಮಾದೇವಕ್ಕನಿಗೆ ಓದು ಬಾರದು. ಆದರೆ ಗಾರ್ಡಿನ ಬೆರಳನ್ನೂ ನನ್ನ ಮುಖವನ್ನೂ ನೋಡಿದಳು. ಇನ್ನೇನು ಓದಬೇಕಿತ್ತು?

ಹೊರಗೆ ಬಂದು ಬಸ್ ಸ್ಟ್ಯಾಂಡಿನ ಕಲ್ಲುಬೆಂಚಿನ ಮೇಲೆ ಕೂತು ಎಲ್ಲ ಹೇಳಿದೆ. ಬಲೆ, ಹೊಗೆ, ಸರ್ಟಿಫಿಕೇಟು, ಸಹಿ. ಮುಗಿದ ಮೇಲೆ ಅವಳು ಬೈದಳು. ಜೀವನದಲ್ಲಿ ಅಂಥ ಬೈಗುಳ ನಾನು ತಿಂದಿಲ್ಲ, ಬಸ್ಸಿಗೆ ಕಾಯುತ್ತಿದ್ದವರೆಲ್ಲ ತಿರುಗಿ ನೋಡಿದರು. "ನಿಂಗೆ ನುಸಿ ಕಚ್ಬಾರ್ದು ಹೇಳಿ ಹೊಗೆ ಹಾಕ್ದೆ. ಅದೇ ಹೊಗೆ ನನ್ನ ಕೊಟ್ಟಿಗೆ ಸುಟ್ಟಿತು. ನೀ ಬಾಯಿ ಸತ್ತವ್ಳಾಂಗೆ ನಿಂತಿದ್ಯನೆ? ನಿನ್ನ ನಾಲಿಗೆಗೆ ಹುಳ ಬಿದ್ದಿತ್ತನೆ?" ಅಂದಳು. ಎಲ್ಲ ತಲೆ ತಗ್ಗಿಸಿ ಕೇಳಿದೆ. ಬಸ್ಸು ಬಂತು. ಮೆಟ್ಟಿಲ ಮೇಲೆ ಕಾಲಿಟ್ಟವಳು ಇಳಿದು ತಿರುಗಿ ಬಂದಳು.

"ಹೊಗೆಯಿಂದನೇ ಹಂಗಾದ್ದು ಹೌದಾ? ಆಣೆ ಮಾಡಿ ಹೇಳು."

"ಆಣೆ ಅಕ್ಕ."

"ಹಂಗಾರೆ ಈ ಮಳೆಗಾಲ ಹೊಗೆ ಹಾಕೂದಿಲ್ಲ. ಪರದೆ ತಂದು ಕಟ್ಟು. ಮತ್ತೆ ಎಣ್ಸು. ಎಣಿಸಿ ಅವ್ರ ಮುಖಕ್ಕೆ ಹಿಡಿ."

ಸಾರ್ ಅವರ ಬಲೆಗಳು ಅವರ ಊರು ಸೇರಿಯಾಗಿತ್ತು. ಶಿರಸಿಯಲ್ಲಿ ಸೊಳ್ಳೆಪರದೆಯ ಬಟ್ಟೆ ತಂದು, ಹಳೆಯ ಅಳತೆ ನೆನಪು ಮಾಡಿಕೊಂಡು ನಾನೇ ಹೊಲಿದೆ. ಶಾಲೆಯ ಪ್ರಯೋಗಾಲಯದ ಸ್ಪಿರಿಟ್ ಕೇಳಿ ಪಡೆದೆ. ಜ್ಯೇಷ್ಠದ ಮೊದಲ ಮಳೆಗೆ ಅದೇ ಕೊಟ್ಟಿಗೆಯ ಹಿಂದೆ, ಅದೇ ಗೂಟಕ್ಕೆ ಕಟ್ಟಿದೆ. ಶನಿವಾರ ಭಾನುವಾರ ನಾನು ಹೋಗುತ್ತಿದ್ದೆ. ಮೂರನೆಯ ದಿನ ಬಾಟಲಿ ಬಿಚ್ಚಿ ಮುಚ್ಚಳ ಹಾಕಿ ಇಡುವುದು ಮಾದೇವಕ್ಕನ ಕೆಲಸ.

ಆ ಎರಡು ತಿಂಗಳು ನಾನು ಕಂಡದ್ದನ್ನು ಮರೆಯಲಾರೆ. ಕೊಟ್ಟಿಗೆಯಲ್ಲಿ ದರಕಿಲ್ಲ, ಹೊಗೆಯೂ ಇಲ್ಲ. ದನಗಳು ಕಣಕಾಲ ಮಟ್ಟದ ಕೆಸರಲ್ಲಿ ನಿಂತಿದ್ದವು. ದನದ ರಕ್ತ ಕುಡಿಯುವ ದಪ್ಪ ನೊಣಗಳು ಹೊಟ್ಟೆಯಡಿ, ಕೆಚ್ಚಲಿನ ಮೇಲೆ ಸಾಲು ಹಿಡಿದು ಕೂರುತ್ತಿದ್ದವು, ಎಬ್ಬಿಸಿದರೆ ರಕ್ತದ ಹನಿ. ಬಾಲ ಬೀಸಿ ಬೀಸಿ ಸೋತು ಸುಮ್ಮನಾಗುತ್ತಿದ್ದವು. ಕರೆಯಲು ಕೂತರೆ ಒದೆಯುತ್ತಿದ್ದವು. ಗೌರಿ ಎಂಬ ಕೆಂದು ಹಸುವಿನ ಹಿಂಗಾಲಿನ ಗೊರಸು ಬಿರಿದು ಕೀವಾಯಿತು. ಮಾದೇವಕ್ಕನ ಗಂಡ ಒಂದು ದಿನ ತಾಳಲಾರದೆ ಲಕ್ಕಿ ಸೊಪ್ಪು ಕಡಿದು ತಂದ. ಅವಳು ಅದನ್ನು ಕಸಿದು ಬೇಲಿಯಾಚೆ ಎಸೆದಳು. "ಇನ್ನು ಹದಿನೈದು ದಿನ. ಎಣಿಕೆ ಕೆಟ್ಟೋಗ್ತದೆ" ಅಂದಳು. ಹಾಗೆ ಅಂದವಳೇ ಕೊಟ್ಟಿಗೆಗೆ ಹೋಗಿ ಗೌರಿಯ ಕುತ್ತಿಗೆ ತಬ್ಬಿ ನಿಂತಳು. ನಾನು ಬಾಗಿಲಲ್ಲಿ ನಿಂತು ನೋಡಿದೆ. ಆದರೂ ಬಿಡು ಅಕ್ಕ, ಸಾಕು ಎನ್ನಲಿಲ್ಲ. ನನಗೂ ಆ ಎಣಿಕೆ ಬೇಕಿತ್ತು.

ಬಾಟಲಿಗಳು ಕಪ್ಪಾದವು. ಮಂಚಿಕೇರಿಯ ಕೋಣೆಯಲ್ಲಿ ತಟ್ಟೆಗೆ ಸುರುವಿಕೊಂಡು ಬಗೆ ಬೇರೆ ಮಾಡುತ್ತ ಹೋದೆ. ಕೆಳಗಿನ ಕೆಂಗಣ್ಣಿನ ನೊಣಗಳು ಇದ್ದವು, ಮೇಲಿನ ಉದ್ದ ಕಾಲಿನವೂ ಇದ್ದವು. ಅಣಬೆ ನುಸಿ ಇತ್ತು, ಕೋಲುಗಣ್ಣಿನದೂ ಒಂದು. ಹಿಂದಿನ ವರ್ಷ ಯಾವ ಬಲೆಗೂ ಬೀಳದ ಬಗೆಗಳೂ ಇದ್ದವು. ಹಿಂದಿನ ವರ್ಷದ ಪಟ್ಟಿಯ ಪಕ್ಕದಲ್ಲಿಟ್ಟು ನೋಡಿದರೆ ಐದೂ ಎತ್ತರಗಳಲ್ಲಿ ಮೂರನೆಯದರಲ್ಲೇ ಬಗೆ ಎಲ್ಲಕ್ಕಿಂತ ಹೆಚ್ಚು. ಸಾರ್ ಹೇಳಿದ ಡುಬ್ಬ ನಿಜವೇ ಆಗಿತ್ತು, ಗುಂಡಿ ತೋಡಿದ್ದು ಹೊಗೆ ಮಾತ್ರ. ಕೋಣೆಯಲ್ಲಿ ಒಬ್ಬಳೇ ಚಪ್ಪಾಳೆ ತಟ್ಟಿದೆ. ಮರುದಿನವೇ ಎಲ್ಲ ಪಟ್ಟಿ ಬರೆದು, ಇಗೋ ನೋಡಿ, ಈಗಲಾದರೂ ವರದಿ ತಿದ್ದಿ, ಬೋರ್ಡ್ ತೆಗೆಸಿ ಎಂದು ಸಾರ್‌ಗೆ ಒಂದು, ಕಾಡಿನ ಕಚೇರಿಗೆ ಒಂದು ರಿಜಿಸ್ಟರ್ಡ್ ಅಂಚೆ ಹಾಕಿದೆ. ಅವತ್ತೇ ಅರಬೈಲಿಗೆ ಹೋಗಿ ಮಾದೇವಕ್ಕನಿಗೆ ಗೆದ್ದೆವು ಎಂದೆ. ಅವಳು ಆ ಸಂಜೆಯೇ ಹೊಗೆ ಹಾಕಿದಳು. ಗೌರಿ ಮಾತ್ರ ಏಳಲಿಲ್ಲ. ನಾಲ್ಕು ದಿನ ಕೆಸರಲ್ಲಿ ಮಲಗಿದ್ದು ಐದನೆಯ ದಿನ ಸತ್ತಿತು.

ಹಿಂದಿನ ವರ್ಷ ನನ್ನ ಒಂದು ಕಾಗದಕ್ಕೂ ಉತ್ತರ ಬರೆಯದ ಸಾರ್ ಈ ಸಲ ಹದಿನೈದೇ ದಿನದಲ್ಲಿ ಬರೆದರು. ಶಾಲೆಯ ಬಿಡುವಿನ ಹೊತ್ತಿನಲ್ಲಿ ನಿಂತುಕೊಂಡೇ ಒಡೆದೆ.

"ಅಭಿನಂದನೆಗಳು. ನೀನು ತಿಳಿದೋ ತಿಳಿಯದೆಯೋ ಬಹಳ ಮಹತ್ವದ ಕೆಲಸ ಮಾಡಿದ್ದೀಯೆ. ಎಲೆ ಗುಡಿಸುವುದನ್ನು ನಿಲ್ಲಿಸಿದ ಒಂದೇ ವರ್ಷದಲ್ಲಿ ನೊಣಗಳು ಮರಳಿ ಬಂದಿವೆ ಎನ್ನುವುದಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷಿ ಬೇಕಿಲ್ಲ. ನಿಷೇಧವನ್ನು ಘಾಟಿಯ ಉಳಿದ ಭಾಗಕ್ಕೂ ವಿಸ್ತರಿಸಲು ಬರೆದಿದ್ದೇನೆ. ಈ ಸಲ ಲೇಖನದಲ್ಲಿ ನನ್ನ ಹೆಸರಿನ ಜೊತೆಗೆ ನಿನ್ನ ಹೆಸರನ್ನೂ ಸೇರಿಸಿದ್ದೇನೆ."

ಎರಡು ಸಲ ಓದಿದೆ. ಆಮೇಲೆ ಕೂತುಬಿಟ್ಟೆ. ಹೌದಲ್ಲ! ಆ ವರ್ಷ ಹೊಗೆ ಹಾಕಿರಲಿಲ್ಲ, ಸರಿ. ದರಕನ್ನೂ ಗುಡಿಸಿರಲಿಲ್ಲವಲ್ಲ. ಗುಡಿಸಲು ಅವರು ಬಿಟ್ಟಿರಲೇ ಇಲ್ಲ. ಎರಡೂ ಒಟ್ಟಿಗೆ ನಿಂತ ವರ್ಷದಲ್ಲಿ ನೊಣ ಯಾವುದರಿಂದ ಬಂತೆಂದು ಯಾರು ಹೇಳುತ್ತಾರೆ? ಇಷ್ಟು ಸಣ್ಣ ವಿಷಯ ಹೈಸ್ಕೂಲು ಹುಡುಗರಿಗೂ ಹೊಳೆಯುತ್ತದೆ, ಅವರಿಗೆ ಅದನ್ನು ಕಲಿಸುವ ನನಗೆ ಹೊಳೆದಿರಲಿಲ್ಲ. ಮೊದಲ ಸಲ ಬಾಯಿ ಮುಚ್ಚಿ ಅವಳ ದರಕು ಕಳೆದಿದ್ದೆ. ಎರಡನೆಯ ಸಲ ಬಾಯಿ ತೆರೆದು ಇಡೀ ಘಾಟಿಯದನ್ನೇ ಕಳೆದೆ. ಆ ಮನುಷ್ಯನಿಗೆ ಹೊಗೆಯ ವಿಷಯ ಗೊತ್ತಿತ್ತು, ಅವನೇ ನಿಂತು ಕೆಮ್ಮಿದ್ದ. ಗೊತ್ತಿದ್ದೂ ಬರೆದ. ಹಾಳಾಗಿ ಹೋಗಲಿ ಅವನು! ಮತ್ತೆ ಬರೆದೆ, ಮತ್ತೆ ಮತ್ತೆ ಬರೆದೆ, ಕಚೇರಿಗಳಿಗೆ ಅಲೆದೆ. ಎಲ್ಲೆಡೆ ನನ್ನ ಹೆಸರಿದ್ದ ಲೇಖನವನ್ನೇ ನನ್ನ ಮುಂದೆ ಹಿಡಿದರು.

ಆದರೆ ಅದೆಲ್ಲ ಆಮೇಲಿನದು. ಆ ಕಾಗದ ಬಂದ ಮರುದಿನ ಮಾದೇವಕ್ಕನ ಮನೆಗೆ ಹೋದೆ. ಸುಳ್ಳು ಹೇಳಬಹುದಿತ್ತು, ಕಾಗದ ಬಂದಿಲ್ಲ ಎನ್ನಬಹುದಿತ್ತು. ಹೇಳಿದೆ. ಈ ಸಲ ಅವಳು ಬೈಯಲಿಲ್ಲ. ಜಗಲಿಯ ಮೇಲೆ ಅಕ್ಕಿ ಆರಿಸುತ್ತಿದ್ದವಳು ಮೊರವನ್ನು ಕೆಳಗಿಟ್ಟಳು. ಎದ್ದು ಕೊಟ್ಟಿಗೆಯ ಹಿಂದೆ ಹೋಗಿ ನನ್ನ ಬಲೆಯನ್ನು ಬಿಚ್ಚಿ, ಕೊಡವಿ, ಮಡಚಿ ತಂದು ನನ್ನ ಕೈಗೆ ಕೊಟ್ಟಳು.

"ನೀ ಒಳ್ಳೇವ್ಳೇ ತಂಗಿ" ಅಂದಳು. "ಆದ್ರೆ ಇನ್ಮೇಲೆ ನಮ್ಮನೇದು ಎಂತದನ್ನೂ ಎಣ್ಸೂಕೆ ಬರ್ಬೇಡ."